ಬಲಗಡೆಯ ಸ್ಪೀಕರ್

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕಿವಿ ಮೇಡಂ ಎನ್ನುತ್ತಿದ್ದರು. ಕೇಳಿಸದೆ ಬಂದವರು, ಎಲ್ಲ ಕೇಳಿಸುತ್ತದೆ ಎಂದು ಹಠ ಹಿಡಿಯುವವರು, ಮನೆಯವರ ಕಾಟ ತಾಳಲಾರದೆ ಬಂದವರು, ಯಾರೇ ಆಗಲಿ, ಹೊರಗಿನ ಸದ್ದು ಬಾರದ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ಗಾಜಿನ ಈಚೆಯಿಂದ ಸಣ್ಣ ಸಣ್ಣ ಸದ್ದು ಕಳಿಸುವುದು ಅವಳ ಕೆಲಸ. ಕೇಳಿಸಿದಾಗಲೆಲ್ಲ ಅವರು ಗುಂಡಿ ಒತ್ತಬೇಕು. ಅವಳು ಕಾಗದದ ಮೇಲೆ ಗೆರೆ ಎಳೆಯುತ್ತ ಹೋಗುತ್ತಾಳೆ.

ಗಂಡ ತೀರಿಕೊಂಡ ಸುದ್ದಿ ಬಂದಾಗಲೂ ಅವಳು ಹಾಗೆ ಗೆರೆ ಎಳೆಯುತ್ತಲೇ ಕೂತಿದ್ದಳು. ಅವನು ಲಿಫ್ಟ್ ರಿಪೇರಿ ಮಾಡುವವನು. ಲಿಫ್ಟ್ ಕೆಟ್ಟು ನಿಂತ ಯಾವುದೋ ಕಟ್ಟಡದಲ್ಲಿ ಸಲಕರಣೆ ಚೀಲ ಹೊತ್ತು ಮೆಟ್ಟಿಲು ಹತ್ತುತ್ತಿದ್ದವನು ನಡುವೆ ಗೋಡೆಗೆ ಒರಗಿ ಕೂತ. ಹತ್ತಿ ಇಳಿಯುವವರು, ಪಾಪ ಸುಧಾರಿಸಿಕೊಳ್ಳುತ್ತಿದ್ದಾನೆ ಅಂದುಕೊಂಡು ಪಕ್ಕಕ್ಕೆ ಸರಿದು ದಾಟಿ ಹೋದರು. ಕೊನೆಗೆ ಕಟ್ಟಡದ ಕಾವಲುಗಾರ ಬಂದು ಭುಜ ಮುಟ್ಟಿದಾಗ ಚೀಲ ಉರುಳಿತು, ಅವನು ಏಳಲಿಲ್ಲ. ಫೋನಿನಲ್ಲಿ ಇಷ್ಟನ್ನೂ ಕೇಳಿಸಿಕೊಂಡು ಅವಳು ಬರುತ್ತೇನೆ ಎಂದಳು. ಗಾಜಿನಾಚೆ ಒಬ್ಬ ವಯಸ್ಸಾದವರು ಕೂತಿದ್ದರು. ಅವರ ಎಡಗಿವಿ ಮುಗಿದಿತ್ತು, ಬಲಗಿವಿ ಬಾಕಿ ಇತ್ತು. ಅದನ್ನೂ ಮುಗಿಸಿ, ಅವರನ್ನು ಬಾಗಿಲ ತನಕ ಬಿಟ್ಟು, ಆಮೇಲೆ ಹೊರಟಳು. ಎಂಥ ಗಟ್ಟಿಗಿತ್ತಿ ಎಂದು ಜನ ಆಡಿಕೊಂಡರು. ಅದು ಗಟ್ಟಿತನವಲ್ಲ ಎಂದು ಅವಳಿಗೆ ಗೊತ್ತಿತ್ತು. ಮತ್ತೇನು ಎಂದು ಮಾತ್ರ ಗೊತ್ತಿರಲಿಲ್ಲ.

ಆಮೇಲೆ ದಿನಗಳು ಸುಮ್ಮನೆ ಕಳೆದವು. ಅವಳು ಬೇಗನೆ ಕೆಲಸಕ್ಕೆ ಮರಳಿದಳು. ಬೆಳಿಗ್ಗೆ ಏಳುವುದು, ಅತ್ತೆಗೂ ತನಗೂ ಚಹಾ ಮಾಡುವುದು, ಬಸ್ಸು ಹಿಡಿಯುವುದು, ಗೆರೆ ಎಳೆಯುವುದು, ಮನೆಗೆ ಬಂದು ಒಣಗಿದ ಬಟ್ಟೆ ಮಡಚುವುದು. ಅಳು ಬರಲಿಲ್ಲ. ಅತ್ತೆ ಅಳುವಾಗ ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದಳು. ಆಗ ತನ್ನ ಕೈ ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು. ಬಾಯಿಗೆ ಉಪ್ಪು ಖಾರ ತಿಳಿಯುತ್ತಿತ್ತು, ಮೈಗೆ ಬಿಸಿ ತಣ್ಣಗೆ ತಿಳಿಯುತ್ತಿತ್ತು. ಅದರಾಚೆ ಏನೂ ತಾಗುತ್ತಿರಲಿಲ್ಲ.

ರಜೆಯ ದಿನಗಳಲ್ಲಿ ಭಾವ ಬರುತ್ತಿದ್ದರು. ಭಾವ ಅಂದರೆ ಗಂಡನ ಅಣ್ಣ, ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಮದುವೆ ಮಾಡಿಕೊಂಡಿರಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಮುಂಚೆ ಅವರು ಬಂದರೆಂದರೆ ಅಣ್ಣ ತಮ್ಮಂದಿರ ಜಗಳ ಶುರು ಎಂದೇ ಅರ್ಥ. ಆಸ್ತಿಯ ಜಗಳವಲ್ಲ, ರೆಕಾರ್ಡ್ ಪ್ಲೇಯರಿನ ಜಗಳ.

ತಮ್ಮನದು ಬೆಲ್ಟಿನ ಪ್ಲೇಯರು. ಅದರಲ್ಲಿ ಮೋಟಾರು ಒಂದು ಮೂಲೆಯಲ್ಲಿರುತ್ತದೆ. ರೆಕಾರ್ಡ್ ಇಡುವ ತಟ್ಟೆಯನ್ನು ಒಂದು ರಬ್ಬರ್ ಬೆಲ್ಟು ಎಳೆದು ತಿರುಗಿಸುತ್ತದೆ. ಅಣ್ಣನದು ಡೈರೆಕ್ಟ್ ಡ್ರೈವ್. ಅದರಲ್ಲಿ ಬೆಲ್ಟೇ ಇಲ್ಲ, ತಟ್ಟೆ ನೇರವಾಗಿ ಮೋಟಾರಿನ ನೆತ್ತಿಯ ಮೇಲೆ ಕೂತು ತಿರುಗುತ್ತದೆ. ಮೋಟಾರಿನ ತಲೆ ಮೇಲೆ ಹಾಡು ಕೂರಿಸಿದರೆ ಅದರ ನಡುಕವೆಲ್ಲ ಮುಳ್ಳಿಗೆ ಹತ್ತಿ ಸ್ಪೀಕರಿನಲ್ಲಿ ಗುರ್ ಅನ್ನುತ್ತದೆ, ಬೆಲ್ಟು ಆ ನಡುಕವನ್ನು ತಾನೇ ನುಂಗಿಕೊಳ್ಳುತ್ತದೆ ಎಂದು ತಮ್ಮನ ವಾದ. ರಬ್ಬರನ್ನು ನಂಬಿ ತಾಳ ಹಾಕುವುದಕ್ಕಾಗುತ್ತದೆಯೇ, ಇವತ್ತು ಬಿಗಿ ನಾಳೆ ಸಡಿಲ, ವೇಗ ಒಂದೇ ಸಮ ಇರದಿದ್ದರೆ ಸ್ವರ ಹೇಗೆ ನಿಂತೀತು ಎಂದು ಅಣ್ಣನ ವಾದ. ನಿನ್ನದು ಗಡಿಯಾರ ಕಣೋ ಎಂದು ಇವನು, ನಿನ್ನದು ಜೋಕಾಲಿ ಕಣೋ ಎಂದು ಅವರು. ನಡುವೆ ಅತ್ತೆ ಬಂದು, ಎರಡೂ ತಿರುಗುತ್ತವಲ್ಲ, ಇನ್ನೇನಾಗಬೇಕು ನಿಮಗೆ ಎಂದು ಇಬ್ಬರ ಬಾಯಿಯನ್ನೂ ಮುಚ್ಚಿಸುತ್ತಿದ್ದರು. ದಿನವಿಡೀ ಸದ್ದಿನಲ್ಲೇ ಮುಳುಗಿರುತ್ತಿದ್ದ ಅವಳು ಈ ಮಾತನ್ನೆಲ್ಲ ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಹಾಡು ಬಂದರೆ ಬಂತು, ನಿಂತರೆ ನಿಂತಿತು. ಅವಳದು ಅಷ್ಟೇ.

ಎರಡು ಯಂತ್ರವನ್ನೂ ಒಂದೇ ಕಡೆ ಇಟ್ಟು, ಒಂದೇ ಜಾತಿಯ ಮುಳ್ಳು ಹಾಕಿ, ನಡುವೆ ಪರದೆ ಕಟ್ಟಿ, ಯಾವುದು ಯಾವುದೆಂದು ಕಿವಿಯಿಂದಲೇ ಹೇಳಬೇಕು. ಅಂಥದೊಂದು ಸರಿಯಾದ ಪರೀಕ್ಷೆ ನಡೆಸಬೇಕೆಂದು ಇಬ್ಬರೂ ಹೇಳುತ್ತಲೇ ಇದ್ದರು. ಒಂದು ರಜೆಗೆ ಎಲ್ಲೋ ಲಿಫ್ಟ್ ಸಿಕ್ಕಿಕೊಂಡು ತಮ್ಮನಿಗೆ ಕರೆ ಬರುತ್ತಿತ್ತು, ಇನ್ನೊಂದು ರಜೆಗೆ ಅಣ್ಣನಿಗೆ ಉತ್ತರಪತ್ರಿಕೆಗಳ ಕಟ್ಟು. ಆಗಲೇ ಇಲ್ಲ.

ತಮ್ಮ ತೀರಿಕೊಂಡ ಮೇಲಿನ ಒಂದು ರಜೆಯ ಬೆಳಿಗ್ಗೆ ಭಾವ ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಬಂದರು. ಮೆಟ್ಟಿಲು ಹತ್ತಿ ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದರು. ಪೆಟ್ಟಿಗೆಯನ್ನು ಊಟದ ಮೇಜಿನ ಮೇಲಿಟ್ಟು, ಟೇಪು ಕಿತ್ತು, ತಮ್ಮದೇ ಪ್ಲೇಯರನ್ನು ಹೊರಗೆ ತೆಗೆದರು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಆ ಪರೀಕ್ಷೆ ಮಾಡಿಬಿಡೋಣಮ್ಮ," ಎಂದರು ಭಾವ. "ಇಷ್ಟು ವರ್ಷ ಬಡಿದಾಡಿದ್ದು ಒಂದು ಕಡೆ ಮುಗೀಲಿ. ಸದ್ದಿನ ವಿಷಯ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀನೇ ನಿಂತು ಮಾಡಿಸು."

ಬೇಡ ಎನ್ನಲು ಒಂದು ಕಾರಣ ಬೇಕು. ಅವಳಿಗೆ ಅದನ್ನು ಹುಡುಕುವಷ್ಟು ಮನಸ್ಸಿರಲಿಲ್ಲ. ಮುಂದಿನ ವಾರ ಮಾಡೋಣ, ಆಸ್ಪತ್ರೆಯಿಂದ ಸದ್ದು ಅಳೆಯುವ ಮೀಟರು ತರುತ್ತೇನೆ ಎಂದಳು.

ಮುಂದಿನ ರಜೆಗೆ ಅವಳು ಎಲ್ಲವನ್ನೂ ಅಚ್ಚುಕಟ್ಟಾಗಿ ಸಿದ್ಧಮಾಡಿದಳು. ಹೀಗೆ ಸಿದ್ಧಮಾಡುವುದು ಅವಳ ಕೈಗೆ ಒಗ್ಗಿದ ಕೆಲಸ, ಅದಕ್ಕೆ ಮನಸ್ಸು ಬೇಕಾಗುತ್ತಿರಲಿಲ್ಲ. ಗಂಡನ ಪ್ಲೇಯರಿನ ಮುಚ್ಚಳದ ಮೇಲೆ ದೂಳು ಕೂತಿತ್ತು. ಒರೆಸಿ ತೆಗೆದರೆ ತಟ್ಟೆ ಖಾಲಿ ಇತ್ತು. ಕೇಳಿ ಮುಗಿಸಿದ ರೆಕಾರ್ಡನ್ನು ಕವರಿಗೆ ಹಾಕದೆ ಏಳುವವನಲ್ಲ ಅವನು. ಭಾವ ಎರಡಕ್ಕೂ ಒಂದೇ ಜಾತಿಯ ಹೊಸ ಮುಳ್ಳು ತಂದಿದ್ದರು. ಅಣ್ಣ ತಮ್ಮ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಬ್ಬರಿಗೊಬ್ಬರು ಸೋಲದೆ ಕೊಂಡಿದ್ದ ಪಿಯಾನೋ ರೆಕಾರ್ಡಿನ ಪ್ರತಿಗಳು ಎರಡೂ ಇದ್ದವು. ಎರಡು ಪ್ಲೇಯರನ್ನೂ ಒಂದೇ ಆಂಪ್ಲಿಫೈಯರಿಗೆ ಜೋಡಿಸಿದರು. ಅದರ ಗುಂಡಿ ತಿರುಗಿಸಿದರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಬಟ್ಟೆ ಒಣಹಾಕುವ ಹಗ್ಗ ಕಟ್ಟಿ ಅದಕ್ಕೊಂದು ಹೊದಿಕೆ ಇಳಿಬಿಟ್ಟಳು. ಮೀಟರು ಹಿಡಿದು ಎರಡರ ಸದ್ದೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದಂತೆ ಸರಿಮಾಡಿದಳು. ತುಸು ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸ ಹೋಗುತ್ತದೆ, ಅದಕ್ಕೆ ಎಂದು ಭಾವನಿಗೆ ಹೇಳಿದಳು. ಭಾವ ತರಗತಿಯ ಜಾಣ ಹುಡುಗನ ಹಾಗೆ ತಲೆಯಾಡಿಸಿದರು.

ಮೊದಲು ಭಾವ ಮತ್ತು ಅತ್ತೆ ಕುರ್ಚಿಗಳಲ್ಲಿ ಕೂತರು, ಅವಳು ಹೊದಿಕೆಯ ಹಿಂದೆ ನಿಂತಳು. ಮನಸ್ಸಿಗೆ ಬಂದಂತೆ ಒಮ್ಮೆ ಇದನ್ನು, ಒಮ್ಮೆ ಅದನ್ನು ಹಾಕಿದಳು. ಭಾವ ಕಣ್ಣು ಮುಚ್ಚಿ, ಬೆರಳು ಎತ್ತಿ, ಇದು ನನ್ನದು, ಇದು ಅವನದು ಎಂದು ಹೇಳುತ್ತ ಹೋದರು. ಒಮ್ಮೆ ಸರಿ, ಒಮ್ಮೆ ತಪ್ಪು. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಸರಿಯಾಗುತ್ತಿತ್ತು. ಅತ್ತೆಯದು ಬೇರೆ ಲೆಕ್ಕ. ಯಾವುದು ಹಾಕಿದರೂ "ಇದು ನಮ್ಮ ಚಿಕ್ಕೋನದ್ದು" ಎನ್ನುತ್ತಿದ್ದರು. ಮೊದಲ ಸಲ ಭಾವ ನಕ್ಕರು. ಆಮೇಲೆ ನಗಲಿಲ್ಲ. ಕೊನೆಕೊನೆಗೆ ಅತ್ತೆ ಕೇಳುವ ಮೊದಲೇ ಹೇಳಿಬಿಡುತ್ತಿದ್ದರು.

ಆಮೇಲೆ ಭಾವ ಹೊದಿಕೆಯ ಹಿಂದೆ ಹೋದರು, ಅವಳು ಕುರ್ಚಿಯಲ್ಲಿ ಕೂತಳು. ರೆಕಾರ್ಡಿನ ನಡುವೆ ಒಂದು ಕಡೆ ಪಿಯಾನೋ ಒಂದೇ ಸ್ವರ ಒತ್ತಿ ಹಾಗೇ ಬಿಡುತ್ತದೆ, ಅದು ತನ್ನಷ್ಟಕ್ಕೆ ತಾನು ಕರಗುವ ತನಕ ಕಾಯುತ್ತದೆ. ಮೊದಲ ಸಲ ಆ ಸ್ವರ ಕಂಬದ ಹಾಗೆ ನಿಂತು ಕರಗಿತು. ಎರಡನೇ ಸಲ ಅದೇ ಸ್ವರ ಸಣ್ಣಗೆ ಅಲುಗಿತು. ತುಸು ಮೇಲೆ, ತುಸು ಕೆಳಗೆ, ಮತ್ತೆ ಮೇಲೆ. ಅವಳಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಬೆಲ್ಟು, ಡೈರೆಕ್ಟು, ಡೈರೆಕ್ಟು, ಬೆಲ್ಟು ಎಂದು ಹೇಳುತ್ತ ಹೋದಳು. ಒಂದೂ ತಪ್ಪಲಿಲ್ಲ.

ಭಾವ ಹೊದಿಕೆ ಸರಿಸಿ ಹೊರಗೆ ಬಂದರು. ಹೇಗೆ ಗೊತ್ತಾಯಿತು ಎಂದು ಕೇಳಿದರು. ಬೆಲ್ಟಿನದರಲ್ಲಿ ಉದ್ದ ಸ್ವರ ಅಲುಗುತ್ತದೆ ಎಂದಳು. ನೀವು ಗೆದ್ದಿರಿ ಭಾವ ಎಂದೂ ಸೇರಿಸಿದಳು. ಭಾವನ ಮುಖದಲ್ಲಿ ಗೆದ್ದ ಕಳೆ ಬರಲಿಲ್ಲ. ಎಲ್ಲಿ, ಇನ್ನೊಮ್ಮೆ ಹಾಕು ಎಂದು ಕೂತು ಕೇಳಿದರು. ಕತ್ತು ಓರೆ ಮಾಡಿ ಕೇಳಿದರು. ಎಷ್ಟೋ ವರ್ಷ ಅಲುಗುತ್ತದೆ ಅಲುಗುತ್ತದೆ ಎಂದು ತಮ್ಮನ ತಲೆ ತಿಂದವರಿಗೆ ಈಗ ನಿಜವಾಗಿ ಅಲುಗುವಾಗ ಅದು ತಿಳಿಯುತ್ತಿರಲಿಲ್ಲ.

ಬೆಲ್ಟು ತೆಗೆದು ನೋಡಿದರೆ ಜೋತುಬಿದ್ದಿತ್ತು, ಅಲ್ಲಲ್ಲಿ ಹೊಳಪು ಬಂದಿತ್ತು. ಗಂಡನ ಸಲಕರಣೆ ಡ್ರಾಯರಿನಲ್ಲಿ ಹೊಸ ಬೆಲ್ಟು ಕವರಿನಲ್ಲೇ ಇತ್ತು. ಹಾಕಬೇಕೆಂದು ತಂದಿಟ್ಟು ಹಾಕದೆ ಉಳಿದದ್ದು. ಭಾವ ಅದನ್ನು ಹಾಕಿ, ಹಳೆಯದನ್ನು ಅಡುಗೆಮನೆಯ ಕಸದ ಬುಟ್ಟಿಗೆ ಎಸೆದರು. ಮತ್ತೆ ಹಾಕಿ ಕೇಳಿದರು. ಈಗ ಅವಳಿಗೂ ವ್ಯತ್ಯಾಸ ಸಿಗಲಿಲ್ಲ. ಎರಡು ಕಡೆಯೂ ಸ್ವರ ಕಂಬದಂತೆ ನಿಂತಿತು. ಇಷ್ಟು ವರ್ಷ ಈ ಮನೆಯಲ್ಲಿ ತಾನು ಕೇಳಿದ್ದೆಲ್ಲ ಆ ಅಲುಗಾಟದ ಜೊತೆಗೇ ಕೇಳಿದ್ದು, ಇನ್ನು ಮೇಲೆ ಅದು ಇಲ್ಲ ಎಂದು ಅವಳಿಗೆ ಹೊಳೆಯಿತು. ಬುಟ್ಟಿಯತ್ತ ನೋಡಿದಳು. ಹಣ್ಣಿನ ಸಿಪ್ಪೆಯ ಮೇಲೆ ಬೆಲ್ಟು ಬಿದ್ದಿತ್ತು. ಏನಾದರೂ ಅನ್ನಿಸೀತೇನೋ ಎಂದು ತುಸು ಹೊತ್ತು ಕಾದಳು. ಏನೂ ಅನ್ನಿಸಲಿಲ್ಲ. ಸಂಜೆ ಕಸದ ಜೊತೆ ಅದೂ ಹೋಯಿತು.

ಆದರೆ ಅದಕ್ಕೆ ಮೊದಲು ಇನ್ನೊಂದು ನಡೆಯಿತು. ಭಾವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಸರಿ, ಸಮ ಸಮ ಎಂದು ತೀರ್ಪು ಕೊಟ್ಟು, ಆಮೇಲೆ ಮೂಗು ಮುರಿದರು.

"ಪ್ಲೇಯರಿನ ಮಾತು ಬಿಡು. ನಿಮ್ಮ ಬಲಗಡೆ ಸ್ಪೀಕರ್ ಸತ್ತೇಹೋಗಿದೆಯಲ್ಲಮ್ಮ. ಅದನ್ನ ಅವನು ಹೇಗೆ ಸಹಿಸ್ಕೊಂಡಿದ್ದನೋ."

ಅವಳು ಮೀಟರು ಹಿಡಿದು ನೋಡಿದಳು. ಎಡಗಡೆಯದೂ ಬಲಗಡೆಯದೂ ಒಂದೇ ಸಮ ಇದ್ದವು. ಸ್ಪೀಕರುಗಳ ಹಿಂದೆ ಹೋಗಿ ವೈರುಗಳನ್ನು ಅದಲುಬದಲು ಮಾಡಿದಳು. ಈಗ ಹೇಗಿದೆ ಎಂದಳು. ಹಾಗೇ ಇದೆ, ಬಲಗಡೆಯದೇ ಮಂಕು ಎಂದರು ಭಾವ. ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ಸ್ಪೀಕರುಗಳಿಗೆ ಬೆನ್ನು ಮಾಡಿ ಕೂತುಕೊಳ್ಳಿ ಎಂದಳು. ಭಾವ ಹಾಗೆ ಕೂತರು. ರೆಕಾರ್ಡ್ ಓಡುತ್ತಿತ್ತು. ಇಷ್ಟು ಹೊತ್ತು ಚೆನ್ನಾಗಿದ್ದ ಸ್ಪೀಕರು ಈಗ ಮಂಕಾಗಿತ್ತು. ಅವರ ಬಲಕ್ಕೆ ಯಾವುದು ಬಂದರೆ ಅದು ಸಾಯುತ್ತಿತ್ತು. ಜೀವಮಾನವೆಲ್ಲ ಲೆಕ್ಕ ಬಿಡಿಸಿದ ಮೇಷ್ಟ್ರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ತಮ್ಮ ಬಲಗಿವಿಯನ್ನು ಕೈಯಿಂದ ಮುಚ್ಚಿದರು, ತೆಗೆದರು, ಮತ್ತೆ ಮುಚ್ಚಿದರು.

ಅವಳು ಎದುರು ಕುರ್ಚಿ ಎಳೆದು ಕೂತು, ಆಸ್ಪತ್ರೆಯಲ್ಲಿ ಕೇಳುವ ಪ್ರಶ್ನೆಗಳನ್ನೇ ಆ ದನಿಯಲ್ಲೇ ಕೇಳಿದಳು. ಫೋನ್ ಯಾವ ಕಿವಿಗೆ ಹಿಡಿಯುತ್ತೀರಿ? ಎಡಗಿವಿಗೆ, ಈಚೆಗೆ ಬಲಗಿವಿಗೆ ಹಿಡಿದರೆ ಸರಿಯಾಗುವುದಿಲ್ಲ. ಗುಂಯ್ ಅನ್ನುತ್ತದೆಯೇ? ಅನ್ನುತ್ತದೆ, ನಿದ್ದೆ ಕೆಟ್ಟಿದ್ದಕ್ಕೆ ಅಂದುಕೊಂಡಿದ್ದೆ. ನಡೆಯುವಾಗ ತೂಗಾಡಿದಂತಾಗುತ್ತದೆಯೇ? ಮೆಟ್ಟಿಲಿನಲ್ಲಿ ಒಮ್ಮೊಮ್ಮೆ. ನಾಳೆ ಆಸ್ಪತ್ರೆಗೆ ಬನ್ನಿ ಎಂದಳು. ಭಾವ ಹಗುರ ಮಾಡಲು ನೋಡಿದರು. ವಯಸ್ಸಾಯಿತಲ್ಲ, ಇದೆಲ್ಲ ಇದ್ದದ್ದೇ ಎಂದರು.

"ವಯಸ್ಸು ಎರಡು ಕಿವಿಗೂ ಒಟ್ಟಿಗೇ ಆಗುತ್ತೆ ಭಾವ," ಎಂದಳು. "ಒಂದಕ್ಕೇ ಆಗಲ್ಲ."

ಅತ್ತೆ ಮಗನ ಮುಖವನ್ನೂ ಸೊಸೆಯ ಮುಖವನ್ನೂ ಬದಲಿಸಿ ಬದಲಿಸಿ ನೋಡಿದರು. ರೆಕಾರ್ಡ್ ಮುಗಿದು ಮುಳ್ಳು ಟಿಕ್ ಟಿಕ್ ಎನ್ನುತ್ತಿತ್ತು. ಯಾರೂ ಎದ್ದು ಎತ್ತಲಿಲ್ಲ.

ಮರುದಿನ ಭಾವ ಗಾಜಿನ ಆಚೆ ಕೂತರು. ಕುರ್ಚಿ ಅವರಿಗೆ ಚಿಕ್ಕದಾಗಿತ್ತು, ಮೊಣಕಾಲು ಗೋಡೆಗೆ ತಾಗುತ್ತಿತ್ತು. ಎಡಗಿವಿಯ ಗೆರೆ ಆ ವಯಸ್ಸಿನವರಿಗೆ ಇರುವಂತೆ ನಿಧಾನವಾಗಿ ಇಳಿಯಿತು. ಬಲಗಿವಿಯ ಗೆರೆ ನಡುವಿನಲ್ಲೇ ಕಡಿದಂತೆ ಕೆಳಗೆ ಬಿತ್ತು. ಆಮೇಲೆ ಮಾತಿನ ಪರೀಕ್ಷೆ. ಅವಳು ಒಂದೊಂದೇ ಪದ ಹೇಳಬೇಕು, ಅವರು ಅದನ್ನೇ ಮರಳಿ ಹೇಳಬೇಕು. ಎಡಗಿವಿಗೆ ಹೇಳಿದ್ದೆಲ್ಲ ಸರಿಯಾಗಿ ಬಂತು. ಬಲಗಿವಿಗೆ ಬಳೆ ಎಂದರೆ ಮಳೆ ಎಂದರು, ಹಾಲು ಎಂದರೆ ಕಾಲು ಎಂದರು, ಗಂಟೆ ಎಂದರೆ ತಂಟೆ ಎಂದು ಹೇಳಿ, ತಂಟೆ ಸರಿಯಿಲ್ಲ ಅಲ್ಲವೇ ಎಂದು ಗಾಜಿನಾಚೆಯಿಂದಲೇ ನಕ್ಕರು. ಅವಳು ನಗಲಿಲ್ಲ. ಮುಂದಿನ ಪದ ಹೇಳಿದಳು.

ಕಿವಿ ಡಾಕ್ಟರು ನೋಡಿದರು, ತಲೆಯ ಸ್ಕ್ಯಾನಿಗೆ ಬರೆದರು. ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಒಂದು ಗಂಟು ಬೆಳೆದಿತ್ತು. ಕ್ಯಾನ್ಸರ್ ಅಲ್ಲ, ಆದರೆ ಜಾಗ ಕೆಟ್ಟದ್ದು. ಮಿದುಳಿಗೆ ಒತ್ತಿಕೊಳ್ಳುವ ಮೊದಲು ತೆಗೆಯಬೇಕು. ತೆಗೆದರೆ ಆ ಕಿವಿ ಪೂರ್ತಿ ಹೋಗುತ್ತದೆ, ಮುಖದ ನರ ಪಕ್ಕದಲ್ಲೇ ಇರುವುದರಿಂದ ಅದಕ್ಕೂ ಪೆಟ್ಟು ಬೀಳಬಹುದು ಎಂದರು ಡಾಕ್ಟರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು, ಹೇಗೆ ಕಂಡುಹಿಡಿದಿರಿ ಎಂದು ಅವಳನ್ನು ಕೇಳಿದರು. ಹಾಡು ಕೇಳುವಾಗ ಎಂದಳು.

ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದಳು. ಏನೂ ಮುಚ್ಚಿಡಲಿಲ್ಲ. ಅತ್ತೆ ಅವಳ ಕೈ ಹಿಡಿದುಕೊಂಡರು.

"ನಿನ್ನ ಕಣ್ಣಿಗೆ ಬಿದ್ದಿದ್ದಕ್ಕೆ ಉಳ್ಕೊಂಡ," ಎಂದರು. ತಮಗೆ ತಾವೇ ಎಂಬಂತೆ, "ಚಿಕ್ಕೋನೂ ನಿನ್ನ ಕಣ್ಮುಂದೆನೇ ಓಡಾಡ್ಕೊಂಡಿದ್ದ," ಎಂದರು.

ಹೌದು ಎಂದಳು ಅವಳು. ಅತ್ತೆ ಚುಚ್ಚಲು ಹೇಳಿದ್ದಲ್ಲ ಎಂದು ಗೊತ್ತಿತ್ತು. ಅವನು ಕೊನೆಯ ದಿನಗಳಲ್ಲಿ ಎದೆ ಉಜ್ಜಿಕೊಂಡಿದ್ದನೇ, ಸುಸ್ತು ಎಂದಿದ್ದನೇ ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ಬೂಟು ಹಾಕುವಾಗ ಒಮ್ಮೆ ಗೋಡೆ ಹಿಡಿದದ್ದು ನೆನಪಾಯಿತು. ಎಲ್ಲರೂ ಹಿಡಿಯುತ್ತಾರೆ. ಅತ್ತೆಯ ಕೈಯಿಂದ ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡು ಎದ್ದು ಒಲೆ ಹಚ್ಚಿದಳು.

ಶಸ್ತ್ರಚಿಕಿತ್ಸೆಯ ದಿನ ಇಬ್ಬರೂ ಆಸ್ಪತ್ರೆಯ ಉದ್ದ ಹಜಾರದ ಬೆಂಚಿನಲ್ಲಿ ಕೂತರು. ಅದು ಅವಳು ದಿನವೂ ನಡೆದಾಡುವ ಹಜಾರವೇ. ಹೋಗಿ ಬರುವ ನರ್ಸುಗಳೆಲ್ಲ ನಿಂತು ಮಾತಾಡಿಸಿದರು. ಅತ್ತೆ ಸೊಸೆಯ ತೋಳು ಹಿಡಿದದ್ದು ಬಿಡಲಿಲ್ಲ. ಬೆಳಗಿನ ಬಿಸಿಲು ಈ ಕಿಟಕಿಯಿಂದ ಬಂದು, ನೆಲದ ಮೇಲೆ ಸರಿದು, ಆ ಕಿಟಕಿಗೆ ಹೋದ ಮೇಲೆ ಡಾಕ್ಟರು ಹೊರಗೆ ಬಂದರು. ಗಂಟು ಪೂರ್ತಿ ಬಂದಿದೆ ಎಂದರು. ಅತ್ತೆ ಅಲ್ಲೇ ಕುಸಿದು ಅತ್ತರು. ಅವಳು ಡಾಕ್ಟರಿಗೆ ಥ್ಯಾಂಕ್ಸ್ ಹೇಳಿದಳು, ಔಷಧಿಗಳ ವಿಷಯ ಕೇಳಿಕೊಂಡಳು, ಅತ್ತೆಗೆ ನೀರು ತಂದುಕೊಟ್ಟಳು.

ಭಾವ ಅತ್ತೆ ಸೊಸೆಯರ ಮನೆಗೇ ಬಂದು ಉಳಿದರು. ಒಬ್ಬರೇ ಇರುವ ಹಾಗಿರಲಿಲ್ಲ. ಬಲಗಡೆ ಏನೂ ಕೇಳುತ್ತಿರಲಿಲ್ಲ. ಬಲಗೆನ್ನೆ ಜೋತಿತ್ತು; ಚಹಾ ಕುಡಿದರೆ ತುಟಿಯ ಅಂಚಿನಿಂದ ಹನಿ ಇಳಿಯುತ್ತಿತ್ತು. ಬಲಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ, ಅದಕ್ಕೆ ಆಗಾಗ ಹನಿ ಮದ್ದು ಹಾಕಬೇಕಿತ್ತು. ಗೋಡೆ ಹಿಡಿದು ನಡೆಯುತ್ತಿದ್ದರು. ಯಾರಾದರೂ ಕರೆದರೆ ದನಿ ಎಲ್ಲಿಂದ ಬಂತೆಂದು ತಿಳಿಯದೆ ಮನೆಯೆಲ್ಲ ಕಣ್ಣಾಡಿಸುತ್ತಿದ್ದರು. ಅತ್ತೆ ಅಡುಗೆಮನೆಯಿಂದ ಕೂಗಿದರೆ ಇವರು ಬೀದಿಯ ಕಿಟಕಿಯ ಕಡೆ ತಿರುಗಿ ಏನಮ್ಮ ಎನ್ನುತ್ತಿದ್ದರು. ಅವಳು ಕಣ್ಣಿಗೆ ಮದ್ದು ಹಾಕಿದಳು, ಪಟ್ಟಿ ಬದಲಿಸಿದಳು, ಕನ್ನಡಿಯ ಮುಂದೆ ಕೂರಿಸಿ ಕೆನ್ನೆ ಉಬ್ಬಿಸುವ, ಹುಬ್ಬೇರಿಸುವ ವ್ಯಾಯಾಮ ಮಾಡಿಸಿದಳು. ಯಾವುದರಲ್ಲೂ ಲೋಪವಿರಲಿಲ್ಲ. ಇಂಥ ಸೊಸೆ ಸಿಗಬೇಕು ಎಂದು ಪಕ್ಕದ ಮನೆಯಾಕೆ ಅತ್ತೆಯ ಹತ್ತಿರ ಹೇಳಿದ್ದು ಕಿವಿಗೆ ಬಿತ್ತು. ಅದು ಇನ್ಯಾರ ಬಗ್ಗೆಯೋ ಹೇಳಿದ ಮಾತಿನಂತಿತ್ತು.

ದಿನ ಕಳೆದಂತೆ ಭಾವನ ಕೆನ್ನೆಗೆ ಸ್ವಲ್ಪ ಸ್ವಲ್ಪವಾಗಿ ಬಲ ಬಂತು. ಬಲದ ಜೊತೆಗೆ ಬಾಯಿಯೂ ಬಂತು. ಒಂದು ಬೆಳಿಗ್ಗೆ ಅವರು ಎಡಗಿವಿಯನ್ನು ಸ್ಪೀಕರುಗಳ ಕಡೆ ಮಾಡಿ ಓರೆಯಾಗಿ ಕೂತು, ತಮ್ಮದೇ ಪ್ಲೇಯರಿನಲ್ಲಿ ರೆಕಾರ್ಡ್ ಹಾಕಿಸಿಕೊಂಡು ಕೇಳುತ್ತಿದ್ದರು. ಎರಡು ಸ್ಪೀಕರಿನ ಹಾಡು ಇನ್ನು ಅವರಿಗೆ ಇರಲಿಲ್ಲ. ಎಲ್ಲ ಒಂದೇ ಕಡೆಯಿಂದ ಬಂದು ಒಂದೇ ಕಿವಿಗೆ ಬೀಳುತ್ತಿತ್ತು. ಅದನ್ನು ಅವರು ಒಮ್ಮೆಯೂ ಹೇಳಿಕೊಂಡಿರಲಿಲ್ಲ. ಅತ್ತೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ಅವಳು ಚಹಾದ ಲೋಟಗಳನ್ನು ಒರೆಸಿ ಇಡುತ್ತಿದ್ದಳು.

ಭಾವ ಪರೀಕ್ಷೆಯ ಮಾತು ತೆಗೆದರು. ಆ ದಿನ ಸಮ ಸಮ ಎಂದೆನಲ್ಲ, ಅದು ತಪ್ಪು ತೀರ್ಪು ಎಂದರು. ಹೊಸ ಬೆಲ್ಟು ಹಾಕಿದ ಮೇಲೆ ತಾನೇ ಸಮವಾದದ್ದು, ಅದಕ್ಕೆ ಮೊದಲು ಅಲುಗುತ್ತಿತ್ತು, ನೀನೇ ಹೇಳಿದೆ. ಅಂದರೆ ಬೆಲ್ಟಿನ ಮೇಲೆ ಭರವಸೆ ಇಡುವ ಹಾಗಿಲ್ಲ ಎಂದಾಯಿತು. ಅವನಿಗೆ ನಾನು ಮೊದಲಿಂದಲೂ ಹೇಳುತ್ತಿದ್ದೆ, ಅವನು ಕೇಳಲಿಲ್ಲ, ಅವನ ಹಠ ಅವನಿಗೆ. ಹೀಗೆ ಹೇಳುತ್ತ ಹೋದರು. ಮೊದಲಿನ ಹಾಗೇ, ಪಾಠ ಒಪ್ಪಿಸುವ ದನಿಯಲ್ಲಿ, ಬೆರಳು ಮಡಚುತ್ತ.

ಅವಳು ಲೋಟ ಒರೆಸುವುದನ್ನು ನಿಲ್ಲಿಸಿದಳು. ಕತ್ತಿನ ಹಿಂದೆ ಏನೋ ಬಿಸಿ ಹತ್ತಿದಂತಾಯಿತು. ಜ್ವರವಿರಬಹುದು ಅಂದುಕೊಂಡಳು.

"ಬೆಲ್ಟ್ ಸಡಿಲ ಆಗಿದ್ದಕ್ಕೆ ಯಂತ್ರ ಕೆಟ್ಟದ್ದು ಅಂತ ಹೇಗೆ ಹೇಳ್ತೀರಿ?" ಎಂದಳು.

ಭಾವ ಅತ್ತೆಯ ಕಡೆ ತಿರುಗಿದರು. ಮಾತಾಡಿದ್ದು ತಾಯಿಯೇ ಎಂದುಕೊಂಡರು. ಅತ್ತೆ ಬೆಣ್ಣೆಯ ಚಾಕು ಎತ್ತಿ ಸೊಸೆಯ ಕಡೆ ತೋರಿಸಿದರು.

"ಬೆಲ್ಟ್ ಹೋದ್ರೆ ಬೆಲ್ಟ್ ಹಾಕಿದ್ರೆ ಮುಗೀತು," ಎಂದಳು ಅವಳು. ದನಿ ತನಗೇ ಜೋರಾಗಿ ಕೇಳಿಸಿತು. "ನಿಮ್ಮದರಲ್ಲಿ ಮೋಟಾರು ಹೋದ್ರೆ ಏನು ಮಾಡ್ತೀರಿ? ತಟ್ಟೆ, ಮೋಟಾರು ಎಲ್ಲ ಒಂದೇ. ಒಂದು ಹೋದ್ರೆ ಎಲ್ಲ ಹೋಯ್ತು. ಅವರು ಹೊಸ ಬೆಲ್ಟ್ ತಂದಿಟ್ಟಿದ್ರು. ಡ್ರಾಯರಲ್ಲಿ ಇತ್ತು. ನೀವೇ ತೆಗೆದು ಹಾಕಿದ್ರಿ. ಅವರಿಗೆ ಗೊತ್ತಿತ್ತು, ಹಾಕೋಕೆ ಟೈಮ್ ಸಿಗಲಿಲ್ಲ, ಅಷ್ಟೇ. ಸಿಗಲಿಲ್ಲ ಅಂದ ಮಾತ್ರಕ್ಕೆ ಅವರು ಹೇಳಿದ್ದೆಲ್ಲ ತಪ್ಪಾಗಿಬಿಡುತ್ತಾ?"

ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ಇಟ್ಟಳು. ಅದು ಅಂಚಿಗೆ ತಾಗಿ ಸದ್ದಾಯಿತು. ಮದುವೆಯಾದಾಗಿನಿಂದ ಅವಳು ಆ ಜಗಳದಲ್ಲಿ ಒಂದು ಮಾತೂ ಆಡಿದವಳಲ್ಲ. ಭಾವನ ಎದುರು ದನಿ ಏರಿಸಿದವಳೂ ಅಲ್ಲ. ಸಿಟ್ಟು ಬಂದಿದೆ ಎಂದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಭಾವನ ಮೇಲೋ, ಮೆಟ್ಟಿಲಲ್ಲಿ ದಾಟಿಹೋದವರ ಮೇಲೋ, ಬೆಲ್ಟು ತಂದು ಡ್ರಾಯರಿನಲ್ಲಿಟ್ಟು ಹೋದವನ ಮೇಲೋ, ಯಾರ ಮೇಲೆಂದು ಗೊತ್ತಿರಲಿಲ್ಲ. ನೋವಾಗುತ್ತಿತ್ತು.

ಅತ್ತೆ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟರು. ಈ ಸಲ ಯಾರ ಬಾಯಿಯನ್ನೂ ಮುಚ್ಚಿಸಲಿಲ್ಲ.

ಭಾವ ಅರ್ಧ ಮುಖದಲ್ಲಿ ನಕ್ಕರೋ, ಅತ್ತರೋ, ಹೇಳುವುದು ಕಷ್ಟವಿತ್ತು. ಬಲಗಡೆ ಕೆನ್ನೆ ಇನ್ನೂ ಅವರ ಮಾತು ಕೇಳುತ್ತಿರಲಿಲ್ಲ. ಕೈ ಚಾಚಿ ಆಂಪ್ಲಿಫೈಯರಿನ ಸದ್ದು ಕಡಿಮೆ ಮಾಡಿದರು.

"ಮೋಟಾರು ಯಾಕೆ ಹೋಗುತ್ತೆ? ಈ ಮೋಟಾರು ನನಗಿಂತ ಹೆಚ್ಚು ಬಾಳುತ್ತೆ," ಎಂದರು. ತಮ್ಮನಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ. "ನೀನು ಆಮೇಲೆ ಹೇಳಿದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ. ಈ ಕಡೆ ಬಂದು ಹೇಳು."

ಅವಳು ಒರೆಸುವ ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಮೇಜನ್ನು ಸುತ್ತಿ ಬಂದಳು. ಅವರ ಎಡಕ್ಕೆ ಕುರ್ಚಿ ಎಳೆದು ಕೂತು, ಕಣ್ಣು ಒರೆಸಿಕೊಂಡು, ಮೊದಲಿನಿಂದ ಹೇಳತೊಡಗಿದಳು.